ಅಂಗಳದ ಹಾಜರಿ

ಆ ಬೆಳಿಗ್ಗೆಯೂ ಹಾಲು ಒಡೆಯಿತು. ಕಾಪುವಿನಲ್ಲಿ ಮೊದಮೊದಲು ಹಾಲಿನವಳ ಮೇಲೆ ಅನುಮಾನಪಟ್ಟಿದ್ದೆ, ಪಾಪ. ತಪ್ಪು ಬಾವಿಯದು. ಬೇಸಿಗೆ ಬಲಿತರೆ ಸಮುದ್ರದ ಬದಿಯ ಬಾವಿಗಳಿಗೆ ಉಪ್ಪು ಹತ್ತುತ್ತದೆ. ಮೈಸೂರಿನಲ್ಲಿ ನಲ್ಲಿ ತಿರುಗಿಸಿ ಕಾಫಿಗೆ ನೀರಿಡುವ ನಿಮಗೆ ಉಪ್ಪು ಕಾಫಿಯ ರುಚಿಯನ್ನು ಹೇಗೆ ವರ್ಣಿಸಲಿ? ನಮ್ಮವರು ಹಾಲಿಲ್ಲದ ಅದನ್ನೇ ಕುಡಿದು ಬ್ಯಾಂಕಿಗೆ ಹೊರಟರು.

ನಾನು ಕುಚ್ಚಲಕ್ಕಿ ಒಲೆಗೇರಿಸಿದೆ. ಇಲ್ಲಿಯ ಈ ಕೆಂಪಕ್ಕಿಗೆ ಬೇಯುವ ಅವಸರವೇ ಇಲ್ಲ. ಗಂಜಿ ಬಸಿಯಲು ಬಿಳಲಿನಲ್ಲಿ ಹೆಣೆದ ಬುಟ್ಟಿ ಬೇಕು, ಕುಡುಪು ಎನ್ನುತ್ತಾರೆ. ನನಗದನ್ನು ಮಾರಿದವಳು ತುಕ್ರು, ರಸ್ತೆಯಾಚೆಯ ಕೊರಗರ ಕೇರಿಯವಳು. ಮೊದಲ ಸಲ ನಾನು ಕೈ ಸುಟ್ಟುಕೊಂಡದ್ದನ್ನು ನೋಡಿ, ಅನ್ನವನ್ನು ಕುಡುಪಿಗೆ ಸುರಿಯುವ ಬಗೆಯನ್ನು ಅಂಗಳದಲ್ಲೇ ನಿಂತು ಕೈಸನ್ನೆಯಲ್ಲಿ ಕಲಿಸಿದ್ದಳು. ಒಳಗೆ ಕರೆದರೆ ಬರಲಿಲ್ಲ. ನಾಚಿಕೆಯಿರಬೇಕು ಎಂದುಕೊಂಡೆ.

ಅಂದು ಹತ್ತು ಗಂಟೆಗೆ ನಿವೃತ್ತ ಮಾಸ್ತರರೊಬ್ಬರ ಜಗಲಿಯಲ್ಲಿ ಸಭೆ. ನಮ್ಮ ಬದಿಗೊಂದು ಸಾರ್ವಜನಿಕ ಬಾವಿ ಬರುವುದಿತ್ತು. ಎಲ್ಲಿ ತೋಡಬೇಕೆಂದು ತೀರ್ಮಾನಿಸಿ ಪಂಚಾಯತಿಗೆ ಅರ್ಜಿ ಕೊಡಬೇಕು. ನನ್ನ ಅಕ್ಷರ ಚಂದವೆಂದು ಬರೆಯುವ ಕೆಲಸ ನನ್ನದಾಯಿತು. ಮಾತೆಲ್ಲ ತುಳುವಿನಲ್ಲಿ, ಪಕ್ಕದ ಮನೆಯ ಗಿರಿಜಕ್ಕ ನನ್ನ ಕಿವಿಯಲ್ಲಿ ಅದನ್ನು ಕನ್ನಡ ಮಾಡುತ್ತಿದ್ದರು. ಮಾಸ್ತರರ ಕಾಂಪೌಂಡಿನೊಳಗೆ ಸಿಹಿನೀರು ಉಂಟಂತೆ, ಅಲ್ಲಿಯೇ ಆಗಲಿ ಎಂದಾಯಿತು.

ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ ಕ್ರಮದಲ್ಲಿ ಮೊದಲು ಹಾಜರಿ, ಆಮೇಲೆ ಉಳಿದದ್ದು. ಜಗಲಿಯಲ್ಲಿದ್ದವರ ಹೆಸರನ್ನು ಒಂದೊಂದಾಗಿ ಕರೆದು ಬರೆದುಕೊಂಡೆ. ಅಂಗಳದ ಅಂಚಿನ ಬಿಸಿಲಲ್ಲಿ ತುಕ್ರು ಕುಳಿತಿದ್ದಳು. ಅವಳ ಹೆಸರನ್ನೂ ಬರೆದುಕೊಂಡು ಕರೆದೆ.

ಎಲ್ಲರೂ ನನ್ನತ್ತ ತಿರುಗಿದರು. ಅಂಗಳದವರನ್ನು ಕರೆಯುವುದು ತೀರ್ಮಾನವೆಲ್ಲ ಮುಗಿದ ಮೇಲೆ, ಮಣ್ಣು ಹೊರಲಿಕ್ಕೆ. ಆ ರೂಢಿ ನನಗೆ ಗೊತ್ತಿರಲಿಲ್ಲ.

"ಉಲ್ಲೆ" ಎಂದಳು ತುಕ್ರು. ಇದ್ದೇನೆ ಎಂದರ್ಥ.

ಮಾಸ್ತರರು ನಕ್ಕರು. "ಅದು ಬೇಡ ಅಮ್ಮ, ಹೊಡೆದು ಹಾಕಿ. ಅವಳು ಬುಟ್ಟಿ ಕೊಡ್ಲಿಕ್ಕೆ ಬಂದದ್ದು."

ಪೆನ್ನು ಹೆಸರಿನ ಮೇಲೆ ಇಟ್ಟೆ, ಗೆರೆ ಎಳೆಯಲು ಮನಸ್ಸು ಬರಲಿಲ್ಲ. ಬರೆದಾಗಿದೆಯಲ್ಲ, ಅವಳನ್ನೂ ಒಂದು ಮಾತು ಕೇಳೋಣವೇ ಎಂದು ಗಿರಿಜಕ್ಕನಲ್ಲಿ ಮೆಲ್ಲಗೆ ಅಂದೆ. ಅವರು ಕೇಳಿದರು. ತುಕ್ರು ಎದ್ದು ನಿಂತು, ಯಾರ ಮುಖವನ್ನೂ ನೋಡದೆ, ತುಂಬ ಹೊತ್ತು ಮಾತಾಡಿದಳು.

ಗಿರಿಜಕ್ಕ ಸೆರಗಿನಿಂದ ಕತ್ತು ಒರೆಸಿಕೊಂಡರು. ಅವರು ಏನು ಹೇಳಿದರೂ ನಾನು ನಂಬಲೇಬೇಕಿತ್ತು.

"ಕಾಂಪೌಂಡಿನ ಒಳಗೆ ಆದ್ರೆ ಅವರಿಗೆ ಹಗ್ಗ ಮುಟ್ಲಿಕ್ಕೆ ಬಿಡುವುದಿಲ್ಲ ಅಂತಾಳೆ. ಯಾರಾದ್ರೂ ಬಂದು ಕೊಡಕ್ಕೆ ಹೊಯ್ಯುವವರೆಗೆ ಕಾಯ್ಬೇಕಂತೆ. ನಿನ್ನೆ ಮಗುವಿಗೆ ಜ್ವರ, ಆದರೂ ಮಧ್ಯಾಹ್ನದವರೆಗೆ ನಿಂತಿದ್ದಾಳೆ." ತಡೆದು, ತಗ್ಗಿದ ದನಿಯಲ್ಲಿ, "ನಮ್ಮ ಮನೆ ಬಾವಿ ಹತ್ರ" ಎಂದರು.

ಅಷ್ಟನ್ನು ನುಂಗಿಕೊಂಡಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ನುಂಗಲಿಲ್ಲ. ಈ ಊರು ನನಗೆ ಕೊಟ್ಟದ್ದನ್ನೆಲ್ಲ ನೆನೆಯುವಾಗ ಮೊದಲು ನೆನಪಾಗುವುದು ಆ ತಗ್ಗಿದ ದನಿ.

ಮಾಸ್ತರರು ಅಂಗಳದಾಚೆ ಕಾಂಪೌಂಡಿನ ಗೋಡೆಯತ್ತ ನೋಡಿದರು. ಕೊನೆಗೆ, ಗೋಡೆಯಿಂದ ಹತ್ತು ಹೆಜ್ಜೆ ಆಚೆ, ರಸ್ತೆಬದಿಯಲ್ಲೂ ಅದೇ ನೀರು ಸಿಗಬಹುದು ಎಂದರು. ಹಾಗೆಯೇ ಬರೆದೆ. ಎಲ್ಲರ ಸಹಿಯಾದ ಮೇಲೆ ತುಕ್ರುವಿನ ಹೆಬ್ಬೆಟ್ಟು ಬಿತ್ತು. ಅದನ್ನು ಒತ್ತಲು ಅವಳು ಮೆಟ್ಟಿಲು ಹತ್ತಲಿಲ್ಲ. ನಾನೇ ಕಾಗದ ಹಿಡಿದು ಇಳಿದೆ.

ಮೈಸೂರಿನ ನಮ್ಮ ಹಿತ್ತಲ ಬಾಗಿಲಿಗೂ ಕಸ ಒಯ್ಯಲು ಒಬ್ಬಳು ಬರುತ್ತಿದ್ದಳು. ಇಪ್ಪತ್ತು ವರ್ಷ ಅದೇ ಮನೆಯಲ್ಲಿ ಬೆಳೆದ ನನಗೆ ಅವಳ ಹೆಸರು ಗೊತ್ತಿಲ್ಲ. ಭಾಷೆಯೇ ಬಾರದ ಈ ಊರಿಗೆ ಬಂದು ಎಂಟು ತಿಂಗಳಿಗೆ ನನಗದು ನಾಚಿಕೆಯಾಗಿ ಕಾಡುತ್ತಿದೆ. ಯಾವುದು ನನ್ನ ಊರು ಎಂದು ಈಗ ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಬರುವುದಿಲ್ಲ.

ಸಂಜೆ ಗಿರಿಜಕ್ಕ ಗೋಡೆಯ ಮೇಲಿಂದ ಒಂದು ಕಟ್ಟು ಬಸಳೆ ಚಾಚಿದರು. ಥ್ಯಾಂಕ್ಸ್ ಅಕ್ಕ, ಬೆಳಿಗ್ಗೆಯದಕ್ಕೂ ಎಂದೆ. ಅವರು ಒಣಗಿದ ಬಟ್ಟೆ ತೆಗೆಯುತ್ತ, ತಿರುಗದೆಯೇ ಅಂದರು:

"ನಿಮಗೆಂತ ಮಾರಾಯ್ರೆ, ವರ್ಗ ಆದ್ರೆ ಹೋಗ್ತೀರಿ. ಆ ಬಾವಿಕಟ್ಟೆಯಲ್ಲಿ ದಿನಾ ತುಕ್ರು ಒಟ್ಟಿಗೆ ನಿಲ್ಲಬೇಕಾದ್ದು ನಾನಲ್ವಾ."