ಉರಿಯೇ ಇಲ್ಲದ ದೀಪ

ಕೊರೋನಾ ಕಳೆದ ಮರುವರ್ಷ. ಆಗ ನಾನು ಹಾನಗಲ್ಲಿನಲ್ಲಿ ಚರ್ಮರೋಗ ವೈದ್ಯ. ಸ್ವಂತದ್ದೊಂದು ಸಣ್ಣ ಕ್ಲಿನಿಕ್ ಇತ್ತು. ಗುರುವಾರ ಮಾತ್ರ ಸವಣೂರಿಗೆ ಹೋಗಿ, ಔಷಧಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕುಳಿತು ರೋಗಿಗಳನ್ನು ನೋಡುತ್ತಿದ್ದೆ. ಉಳಿದ ದಿನ ಅಲ್ಲಿನವರು ಮೊಬೈಲಿಗೆ ಫೋಟೋ ಕಳಿಸುತ್ತಿದ್ದರು. ಓಡಾಟ ಉಳಿಯುತ್ತದೆಂದು ನಾನೇ ಹಚ್ಚಿದ ಚಟ ಅದು.

ಶಕೀಲಾ ಅವರ ಫೋಟೋ ಬಂದದ್ದೂ ಹಾಗೆಯೇ. ನಲವತ್ತರ ಆಸುಪಾಸಿನ ಹೆಂಗಸು. ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬರಲ್ಲಿ ಎಲೆ ಆರಿಸಿ ಕಟ್ಟು ಕಟ್ಟುವ ಕೆಲಸ. ಕಣ್ಣು ಎತ್ತಲೋ ಇದ್ದರೂ ಅವರ ಬೆರಳು ಎಳೆಯ ಎಲೆ, ಬಲಿತ ಎಲೆ ಎಂದು ತಾನೇ ಬೇರ್ಪಡಿಸುತ್ತಿತ್ತಂತೆ. ಬಲ ಮೊಣಕೈ ಕೆಳಗೆ ಅಂಗೈಯಗಲದ ಮಸುಕು ಮಚ್ಚೆ ಎದ್ದಿತ್ತು. ತೊನ್ನು ಎಂದು ಹೆದರಿ, ಆನ್‌ಲೈನಿನಲ್ಲಿ ಕೆಂಪು ಬೆಳಕಿನ ಎಲ್‌ಇಡಿ ದೀಪ ತರಿಸಿ ದಿನಾ ಇಪ್ಪತ್ತು ನಿಮಿಷ ಹಿಡಿಯುತ್ತಿದ್ದರು. ಇದರಿಂದ ಅಪಾಯವಿಲ್ಲ ತಾನೇ ಎಂಬುದಷ್ಟೇ ಅವರ ಪ್ರಶ್ನೆ.

ನಾನು ಫೋನಿನಲ್ಲೇ ದೊಡ್ಡ ಪಂಡಿತನಂತೆ ಪಾಠ ಒಪ್ಪಿಸಿದೆ. ತೊನ್ನಿಗೆ ನಾವು ಕೊಡುವುದು ಯುವಿಬಿ ಎಂಬ ಅತಿನೇರಳೆ ಬೆಳಕು. ಅದನ್ನು ಅಳೆದೇ ಕೊಡಬೇಕು, ಹೆಚ್ಚಾದರೆ ಸುಡುತ್ತದೆ. ಕೂದಲು ತೆಗೆಯುವ ಐಪಿಎಲ್ ಯಂತ್ರವೂ ನಮ್ಮ ಬಣ್ಣದ ಚರ್ಮವನ್ನು ಸುಡಬಹುದು. ಮನೆಯ ಕೆಂಪು ದೀಪ ಸಾಧು. ಉಪಕಾರವೂ ಕಡಿಮೆ, ಅಪಾಯವೂ ಕಡಿಮೆ. ಉರಿದರೆ ನಿಲ್ಲಿಸಿ ಎಂದೆ.

“ಇಲ್ರಿ ಸರ, ಒಂಚೂರೂ ಉರಿಯಂಗಿಲ್ಲ. ಬೆಚ್ಚಗಾಗಿದ್ದೂ ಗೊತ್ತಾಗಂಗಿಲ್ಲ” ಎಂದರು, ದೀಪವನ್ನು ಹೊಗಳುವ ದನಿಯಲ್ಲಿ.

“ಹಂಗಾರ ನಡೀಲಿ ಬಿಡ್ರಿ” ಎಂದೆ. ಒಂದು ಮುಲಾಮು ಬರೆದು ಕಳಿಸಿ ಮರೆತೂಬಿಟ್ಟೆ. ಅವರ ಆ ಮಾತಿನಲ್ಲೇ ರೋಗದ ಗುರುತಿತ್ತು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಎಂಟು ತಿಂಗಳ ಮೇಲೆ ಸವಣೂರಿನ ಕೋಣೆಗೆ ಅವರೇ ಬಂದರು. ಮಚ್ಚೆ ಹೋಗಲಿಲ್ಲವೆಂದು ಇನ್ನೂ ಬಿರುಸಾದ ದೀಪ ತರಿಸಿ, ಚರ್ಮಕ್ಕೆ ತಾಗಿಸಿಯೇ ಹಿಡಿದಿದ್ದರು. ಗುಳ್ಳೆಯೆದ್ದು ಒಡೆದು ಹಸಿ ಗಾಯವಾಗಿತ್ತು. ಅದು ಅವರಿಗೆ ತಿಳಿದದ್ದು ತೋಳಿನ ಬಟ್ಟೆ ಒದ್ದೆಯಾದಾಗ. ಆದರೆ ಬಂದದ್ದು ಆ ಗಾಯಕ್ಕಲ್ಲ. ಎಲೆಗಳು ಕೈಯಿಂದ ಜಾರುತ್ತಿವೆ ಎಂದರು. ಕಿರುಬೆರಳು, ಉಂಗುರ ಬೆರಳು ಒಳಕ್ಕೆ ಬಾಗಿದ್ದವು.

ಕಣ್ಣು ಮುಚ್ಚಿಸಿ, ಮುಟ್ಟಿದಾಗ ಹೇಳಿ ಎಂದು ಹತ್ತಿಯ ಎಳೆಯಿಂದ ಮಚ್ಚೆಯನ್ನು ಸವರಿದೆ. ಅವರು ಕಾಯುತ್ತಲೇ ಇದ್ದರು. ಮೊಣಕೈ ಹಿಂದಿನ ನರ ಹುರಿಯ ಹಾಗೆ ದಪ್ಪಗಾಗಿತ್ತು. ಕುಷ್ಠ. ತೊನ್ನಿನಲ್ಲಿ ಸ್ಪರ್ಶ ಹೋಗುವುದಿಲ್ಲ, ಇದರಲ್ಲಿ ಹೋಗುತ್ತದೆ. ಚರ್ಮರೋಗ ಓದುವವರಿಗೆ ಮೊದಲು ಹೇಳಿಕೊಡುವ ಪಾಠವಿದು. ನನ್ನ ಮೇಲೆ ನನಗೇ ಅಸಹ್ಯವಾಯಿತು.

“ಔಷಧ ತಗೊಂಡ್ರ ಕೈ ಮೊದಲಿನಂಗ ಆಕ್ಕೈತೇನ್ರಿ?”

“ರೋಗ ಹೋಕ್ಕೈತ್ರಿ ಅಕ್ಕಾರ. ಕೈ ಬರೂದಿಲ್ಲ” ಎಂದೆ. ಫೋನಿನಲ್ಲೇ ನೋಡಿ ಕೈತೊಳೆದುಕೊಂಡದ್ದು ನನ್ನ ತಪ್ಪು ಎಂದೂ ಹೇಳಿದೆ.

ಅವರು ಬಾಗಿದ ಬೆರಳುಗಳನ್ನು ಎಡಗೈಯಿಂದ ಬಿಡಿಸಿ ನೋಡಿದರು. “ಉರಿಯಂಗಿಲ್ಲ ಅಂತ ನಾ ಹೇಳಿದ್ದೆನಲ್ರಿ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕುಷ್ಠಕ್ಕೆಂದು ಸರ್ಕಾರ ಉಚಿತವಾಗಿ ಕೊಡುವ ಎಂಡಿಟಿ ಮಾತ್ರೆಗಳನ್ನು ಒಂದು ವರ್ಷ ತಪ್ಪದೆ ನುಂಗಿದರು. ನರಕ್ಕೆ ಸ್ಟೀರಾಯ್ಡ್ ಕೊಟ್ಟೆ, ಕಾಲ ಮೀರಿತ್ತು. ರೋಗ ವಾಸಿಯಾಯಿತು, ಬೆರಳು ಬಾಗಿದ ಹಾಗೆಯೇ ಉಳಿಯಿತು. ಎಲೆ ಹರಿಯುತ್ತವೆಂದು ವ್ಯಾಪಾರಿ ಅವರನ್ನು ಕೆಲಸ ಬಿಡಿಸಿದರು.

ಈಗ ಫೋಟೋ ನೋಡಿ ಔಷಧ ಬರೆಯುವುದನ್ನು ಬಿಟ್ಟಿದ್ದೇನೆ. ಮನೆಯ ದೀಪ ಒಳ್ಳೆಯದೇ ಎಂದು ಕೇಳಿದವರಿಗೆ, ಮೊದಲು ಮಚ್ಚೆ ಯಾವುದೆಂದು ಗೊತ್ತಾಗಲಿ, ಬರ್ರಿ, ಮುಟ್ಟಿ ನೋಡುತ್ತೇನೆ ಎನ್ನುತ್ತೇನೆ. ಯಾರಾದರೂ ಉರಿಯುತ್ತದೆ ಎಂದರೆ ಒಳಗೊಳಗೇ ಸಮಾಧಾನವಾಗುತ್ತದೆ.

ಶಕೀಲಾ ಈಗಲೂ ಆಗಾಗ ಬರುತ್ತಾರೆ. ನಾನು ಹೇಳುವ ಮೊದಲೇ ಕೈಯನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚುತ್ತಾರೆ. ಪ್ರಯೋಜನವಿಲ್ಲವೆಂದು ತಿಳಿದೂ ಹತ್ತಿ ತೆಗೆದುಕೊಳ್ಳುತ್ತೇನೆ. ಸವರಿ ಮುಗಿಸಿ, ಹತ್ತಿಯನ್ನು ಬುಟ್ಟಿಗೆ ಹಾಕಿ ಕುಳಿತ ಮೇಲೆ ಕೇಳುತ್ತಾರೆ:

“ಮುಟ್ಟಿದ್ರೇನ್ರಿ, ಸರ?”