ತಾರೀಖು ಖಾಲಿ ಬಿಡಿ

ಶಿಡ್ಲಘಟ್ಟದಲ್ಲಿ ನಮ್ಮ ಸ್ಟುಡಿಯೋ ಇರುವುದು ಮೊದಲ ಮಹಡಿಯಲ್ಲಿ. ಕೆಳಗೆ ಗೊಬ್ಬರದ ಅಂಗಡಿ. ಮದುವೆಗಳಿಗೆ ಹೋಗಿ ಫೋಟೋ ತೆಗೆಯುವವನು ನಾನು. ಒಳಗಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಆಲ್ಬಂ ಜೋಡಿಸುವವಳು ನನ್ನ ಹೆಂಡತಿ.

ಮೊದಲೆಲ್ಲ ನಮ್ಮಲ್ಲಿ ಅಗ್ರಿಮೆಂಟ್ ಅನ್ನುವುದೇ ಇರಲಿಲ್ಲ. ಡೈರಿಯಲ್ಲಿ ತಾರೀಖು, ಛತ್ರದ ಹೆಸರು, ಫೋನ್ ನಂಬರ್ ಬರೆದುಕೊಂಡರೆ ಮುಗಿಯಿತು. ಅದು ಬದಲಾದದ್ದು ಚಿಕ್ಕಬಳ್ಳಾಪುರದ ಒಂದು ಮದುವೆಯಿಂದ. ಹುಡುಗಿಯ ಸೋದರಮಾವ ಫೋನ್ ಮಾಡಿ, ಆರತಕ್ಷತೆಗೆ ವಿಡಿಯೋ ಬೇಡ, ಫೋಟೋ ಸಾಕು ಎಂದಿದ್ದರು. ನಾನು ವಿಡಿಯೋ ತೆಗೆಯುವವನನ್ನು ಬೇರೆ ಮದುವೆಗೆ ಕಳಿಸಿಬಿಟ್ಟೆ. ಸಂಜೆ ಹುಡುಗಿಯ ತಂದೆ ವಿಡಿಯೋದವರು ಎಲ್ಲಿ ಎಂದು ಕೇಳಿದರು. ಸೋದರಮಾವನ ಕಡೆ ನೋಡಿದರೆ ಅವರು ತಾನು ಹಾಗೆ ಹೇಳೇ ಇಲ್ಲ ಎಂದರು. ಅಷ್ಟು ಜನ ನೆಂಟರ ಎದುರು ನಾನು ಸುಳ್ಳುಗಾರನಾಗಿ ನಿಂತೆ. ಮಾರನೆಯ ವಾರವೇ ಗೊತ್ತಿದ್ದ ವಕೀಲರೊಬ್ಬರ ಹತ್ತಿರ ಹೋಗಿ ಎರಡು ಪುಟದ ಅಗ್ರಿಮೆಂಟ್ ಬರೆಸಿಕೊಂಡು ಬಂದೆ. ಅದರಲ್ಲಿ ಒಂಬತ್ತನೆಯ ಷರತ್ತು ನನ್ನದೇ ಮಾತು. ಏನೇ ಬದಲಾವಣೆ ಇದ್ದರೂ ಮೂವತ್ತು ದಿನ ಮುಂಚೆ ಬರವಣಿಗೆಯಲ್ಲಿ ಕೊಡಬೇಕು, ತಾರೀಖು ಬಿಟ್ಟರೆ ಅಡ್ವಾನ್ಸ್ ವಾಪಸ್ ಇಲ್ಲ.

ಆ ಷರತ್ತು ಬಂದ ಮೇಲೆ ನನಗೆ ಒಂಥರಾ ಧೈರ್ಯ ಬಂತು. ಬದಲಾಯಿಸಿ ಎಂದು ಬರುವವರು ಕಡಿಮೆಯಾಗಲಿಲ್ಲ. ಚಿಂತಾಮಣಿಯವರು ಡ್ರೋನ್ ಬೇಡ, ಆ ದುಡ್ಡಿಗೆ ಇನ್ನೊಂದು ಆಲ್ಬಂ ಕೊಡಿ ಎನ್ನುವರು. ಮುದ್ದೇನಹಳ್ಳಿ ಕಡೆಯವರು ಅರಿಶಿನ ಶಾಸ್ತ್ರವನ್ನೂ ಸೇರಿಸಿ ಎನ್ನುವರು. ನಾನು ಒಂಬತ್ತನೆಯ ಷರತ್ತಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ಬೆರಳಿಟ್ಟ ಮೇಲೆ ಮಾತು ಬೆಳೆಯುತ್ತಿರಲಿಲ್ಲ.

ದಿಬ್ಬೂರಹಳ್ಳಿಯ ಹತ್ತಿರದ ಹಳ್ಳಿಯಿಂದ ಆ ಯಜಮಾನರು ಬಂದದ್ದು ಮಗಳ ಮದುವೆಗೆ ಹದಿನೆಂಟು ದಿನ ಇದೆ ಅನ್ನುವಾಗ. ಐವತ್ತೈದು ದಾಟಿದ ಮನುಷ್ಯ. ಎರಡೂವರೆ ಎಕರೆ ಹಿಪ್ಪುನೇರಳೆ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ದೊಡ್ಡ ಶೆಡ್ಡು. ಅವತ್ತು ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಬಂದವರು ಹಾಗೇ ಮೆಟ್ಟಿಲು ಹತ್ತಿ ಬಂದಿದ್ದರು. ಕೂತು, ಜೇಬಿನಿಂದ ಅಗ್ರಿಮೆಂಟ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು.

"ಮದುವೆ ಸ್ವಲ್ಪ ಮುಂದಕ್ಕೆ ಹೋಗಿದೆ ಸಾರ್. ತಾರೀಖು ಖಾಲಿ ಬಿಡಿ" ಎಂದರು.

ಎಷ್ಟು ದಿನ ಮುಂದಕ್ಕೆ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಹುಡುಗನ ಹೆಸರು ಬರೆದಿದ್ದ ಸಾಲನ್ನೂ ತೋರಿಸಿ, ಅದನ್ನೂ ಸದ್ಯಕ್ಕೆ ಖಾಲಿ ಬಿಡಿ ಎಂದರು. ಆಗಲಾದರೂ ನನಗೆ ತಿಳಿಯಬೇಕಿತ್ತು. ನಾನು ಹಾಳೆ ತಿರುಗಿಸಿ ಒಂಬತ್ತನೆಯ ಷರತ್ತು ಓದಿದೆ. ತಾರೀಖಿಲ್ಲದೆ ಅಗ್ರಿಮೆಂಟ್ ಇರುವುದಿಲ್ಲ, ಆ ದಿನಕ್ಕೆ ಕೇಳಿದ ಇಬ್ಬರನ್ನು ಆಗಲೇ ವಾಪಸ್ ಕಳಿಸಿದ್ದೇನೆ ಎಂದೆಲ್ಲ ವಿವರಿಸಿದೆ. ಅವರು ವಾದ ಮಾಡಲಿಲ್ಲ. ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಜೇಬಿಗಿಟ್ಟುಕೊಂಡು, ಬರ್ತೀನಿ ಸಾರ್ ಎಂದು ಇಳಿದು ಹೋದರು.

ಒಳಗಿನಿಂದ ಹೆಂಡತಿ ಎದ್ದು ಬಂದಳು. ಕೆಲಸ ಬಿಟ್ಟು ಎದ್ದು ಬರುವ ಅಭ್ಯಾಸ ಅವಳಿಗಿಲ್ಲ.

"ಅವ್ರು ದುಡ್ಡು ವಾಪಸ್ ಕೇಳ್ಲಿಲ್ಲ. ಖಾಲಿ ಬಿಡಿ ಅಂದ್ರು, ಅಷ್ಟೇ. ಯಾಕೆ ಅಂತ ನೀವು ಒಂದ್ ಮಾತು ಕೇಳಿದ್ರಾ?"

ನಾನು ನಿಯಮದ ಮಾತು ಎತ್ತಿದೆ. ಚಿಕ್ಕಬಳ್ಳಾಪುರದ ಕಥೆ ಮತ್ತೆ ಹೇಳಲು ಹೊರಟೆ. ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಅವತ್ತು ಮಧ್ಯಾಹ್ನ ಊಟ ಮಾಡುವಾಗ ಆ ಯಜಮಾನರು ಹಾಳೆ ಮಡಿಸಿದ ರೀತಿ ಕಣ್ಣ ಮುಂದೆ ಬಂತು. ಫೋನ್ ಮಾಡೋಣ ಅಂದುಕೊಂಡೆ. ಮಾಡಲಿಲ್ಲ, ಕೈ ತೊಳೆದು ಕೆಲಸಕ್ಕೆ ಕೂತೆ.

ಮಾರನೆಯ ದಿನ ಮಧ್ಯಾಹ್ನ ಮಗಳೇ ಬಂದಳು. ಚಿಂತಾಮಣಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಅರ್ಧ ದಿನ ರಜೆ ಹಾಕಿ ಸ್ಕೂಟರಿನಲ್ಲಿ ಬಂದಿದ್ದಳು. ಅದೇ ಅಗ್ರಿಮೆಂಟ್ ಕೈಯಲ್ಲಿತ್ತು. ನನ್ನ ಹೆಂಡತಿ ಈ ಸಲ ಮೊದಲೇ ಬಂದು ಅವಳ ಪಕ್ಕ ಕೂತಳು.

"ನಮ್ಮಪ್ಪ ನಿಮ್ಗೆ ನಿಜ ಹೇಳಿರಲ್ಲ ಅಣ್ಣ" ಎಂದಳು. "ಮದುವೆ ಮುಂದಕ್ಕೆ ಹೋಗಿಲ್ಲ, ನಿಂತೋಗಿದೆ."

ಹುಡುಗನ ಕಡೆಯವರು ನಿಶ್ಚಿತಾರ್ಥದಲ್ಲಿ ಅವಳು ಕೆಲಸಕ್ಕೆ ಹೋಗಬಹುದು ಎಂದು ಒಪ್ಪಿದ್ದರಂತೆ. ಕಾರ್ಡು ಹಂಚಿ ಆದ ಮೇಲೆ ಬಂದು, ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂದರಂತೆ. ಇವಳು ಒಪ್ಪಲಿಲ್ಲ. ಅಪ್ಪ ಎರಡು ಸಲ ಅವರ ಮನೆಗೆ ಹೋಗಿ ಬಂದರು. ಎರಡನೆಯ ಸಲ ಹೋಗಿ ಬಂದವರು ಬೇಡ ಬಿಡಮ್ಮ ಎಂದುಬಿಟ್ಟರು. ಇದನ್ನೆಲ್ಲ ಅವಳು ಯಾರ ಮೇಲೂ ದೂರು ಹೇಳದ ಹಾಗೆ, ನಡೆದದ್ದು ನಡೆದ ಹಾಗೆ ಹೇಳಿದಳು. ನನ್ನ ಹೆಂಡತಿ ನೀರು ತಂದುಕೊಟ್ಟಳು.

ಅಡ್ವಾನ್ಸ್ ವಾಪಸ್ ಕೊಡುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ದುಡ್ಡು ಬೇಡ. ಆ ದಿನ ನೀವು ಬನ್ನಿ. ಮದುವೆ ಇರಲ್ಲ, ಮನೆಯವರು ಇರ್ತೀವಿ. ಹುಳ ಇದ್ದಾಗ ನಾವು ನಾಲ್ಕೂ ಜನ ಒಟ್ಟಿಗೆ ಊಟಕ್ಕೂ ಕೂರಲ್ಲ ಅಣ್ಣ. ಯಾರಾದ್ರೂ ಒಬ್ರು ಸೊಪ್ಪು ಹಾಕ್ತಿರ್ತಾರೆ."

ಮದುವೆಗೆಂದು ಆ ತಿಂಗಳು ಅವರು ಮರಿ ಹುಳು ತಂದಿರಲಿಲ್ಲ, ಒಂದು ಬೆಳೆ ಬಿಟ್ಟಿದ್ದರು. ಅವಳ ಸೋದರತ್ತೆಯರಿಬ್ಬರು ರಜೆ ಹೇಳಿ ಆಗಿತ್ತು, ಮದುವೆ ಇಲ್ಲದಿದ್ದರೂ ಬಂದು ಇದ್ದು ಹೋಗುತ್ತೇವೆ ಎಂದಿದ್ದರು. ಆ ದಿನ ಎಲ್ಲರೂ ಮುಖ ಇಳಿಬಿಟ್ಟುಕೊಂಡು ಕೂರುವುದನ್ನು ನೋಡಲು ಅವಳಿಗೆ ಇಷ್ಟವಿರಲಿಲ್ಲ.

ಮೂವತ್ತು ದಿನದ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಆದರೆ ಅಗ್ರಿಮೆಂಟ್ ಅವಳ ತಂದೆಯ ಹೆಸರಿನಲ್ಲಿತ್ತು, ಅವರು ಸಹಿ ಮಾಡದೆ ನಾನು ಹೇಗೆ ಬರಲಿ ಎಂದೆ. ಅದು ಸರಿ ಎಂದಳು. ಆಮೇಲೆ ಅವಳೇ ಪೆನ್ನು ತೆಗೆದುಕೊಂಡು ಕೆಲಸಗಳ ಪಟ್ಟಿಯಲ್ಲಿ ಅರಿಶಿನ ಶಾಸ್ತ್ರ, ಆರತಕ್ಷತೆ, ಮುಹೂರ್ತ, ಧಾರೆ ಎಲ್ಲಕ್ಕೂ ಒಂದೊಂದೇ ಗೆರೆ ಎಳೆದಳು. ಕೆಳಗೆ, ಮನೆಯವರ ಫೋಟೋ, ಒಂದು ಆಲ್ಬಂ ಎಂದು ಬರೆದಳು.

ಎರಡು ದಿನ ಬಿಟ್ಟು ನಾನು ಅವರ ಊರಿಗೆ ಹೋದೆ. ಯಜಮಾನರು ನನ್ನನ್ನು ನೋಡಿ ಎದ್ದು ನಿಂತರು. ನಾನು ಮೊದಲು, ಅವತ್ತು ನಿಮ್ಮನ್ನು ಕೇಳದೆ ಕಳಿಸಿದ್ದು ತಪ್ಪಾಯಿತು ಎಂದೆ. ಅಯ್ಯೋ ಅದಕ್ಕೇನು ಬಿಡಿ ಎಂದರು. ಆದರೆ ಹಾಳೆ ಮುಂದಿಟ್ಟಾಗ ಕೈ ಹಿಂದಕ್ಕೆ ತೆಗೆದರು. ಮದುವೆ ನಿಂತ ಮನೆಗೆ ಕ್ಯಾಮೆರಾ ಬಂದರೆ ಊರಲ್ಲಿ ಏನಂದುಕೊಳ್ಳುತ್ತಾರೆ ಎನ್ನುವುದು ಅವರ ಚಿಂತೆ. ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಮಾತಾಡಿದ್ದು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಯಜಮಾನರ ತಾಯಿ. ಆ ಅಜ್ಜಿಯದು ಅರ್ಧ ಕನ್ನಡ, ಅರ್ಧ ತೆಲುಗು.

"ಸಂತಕಂ ಪೆಟ್ಟರಾ" ಎಂದರು, ಸಹಿ ಹಾಕೋ ಎಂದು. ಆಮೇಲೆ ನನ್ನ ಕಡೆ ತಿರುಗಿ, "ನಂದು ಇರೋದು ಆಧಾರ್ ಕಾರ್ಡಿನ ಫೋಟೋ ಒಂದೇ ಕಣಪ್ಪ. ಅದ್ರಲ್ಲಿ ಕಳ್ಳಿ ಥರ ಇದೀನಿ."

ಬಾಗಿಲಲ್ಲಿದ್ದ ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಬಂದ ನಗು ಅದು ಎಂದು ಮಗಳು ಆಮೇಲೆ ಹೇಳಿದಳು. ಯಜಮಾನರು ಸಹಿ ಮಾಡಿದರು.

ಮದುವೆಗೆ ಇಟ್ಟಿದ್ದ ಆ ದಿನ ಬೆಳಿಗ್ಗೆ ಎಂಟಕ್ಕೇ ಹೋದೆ. ಮನೆಯೊಳಗೆ ಬೆಳಕು ಸಾಲದು, ಅಂಗಳದಲ್ಲಿ ಬಿಸಿಲು ಖಡಕ್ಕಾಗಿತ್ತು. ಎಲ್ಲಿ ನಿಲ್ಲಿಸುವುದು ಎಂದು ಸುತ್ತಾಡುತ್ತಿದ್ದಾಗ ಹುಳು ಮನೆಯ ಬಾಗಿಲು ತೆರೆದಿರುವುದು ಕಂಡಿತು. ಒಳಗೆ ಹೋದವನು ಹಾಗೇ ನಿಂತೆ. ಎರಡೂ ಕಡೆ ಉದ್ದಕ್ಕೆ ಕಿಟಕಿಗಳು, ನೊಣ ಬಾರದ ಹಾಗೆ ಬಿಳಿ ಬಲೆ. ನೆಲಕ್ಕೆ ಸುಣ್ಣದ ಪುಡಿ ಎರಚಿದ್ದರು. ಬಲೆಯಲ್ಲಿ ಸೋಸಿ ಬಂದ ಬೆಳಕು ಸುಣ್ಣದ ಮೇಲೆ ಬಿದ್ದು ಕೆಳಗಿನಿಂದಲೂ ಮುಖಕ್ಕೆ ಬರುತ್ತಿತ್ತು. ಛತ್ರಗಳಲ್ಲಿ ನಾಲ್ಕು ಲೈಟು ಇಟ್ಟರೂ ನನಗೆ ಅಂಥ ಬೆಳಕು ಸಿಕ್ಕಿರಲಿಲ್ಲ. ಎಲ್ಲರೂ ಇಲ್ಲಿಗೇ ಬನ್ನಿ ಎಂದೆ. ಹುಳು ಮನೆಯಲ್ಲಿ ಫೋಟೋನಾ ಎಂದು ಅತ್ತೆಯರು ಅನುಮಾನ ಪಟ್ಟರು. ಚಪ್ಪಲಿ ಹೊರಗೆ ಬಿಟ್ಟು ಒಬ್ಬೊಬ್ಬರೇ ಬಂದರು.

ತಾಯಿ ಮದುವೆಗೆ ತಂದಿಟ್ಟಿದ್ದ ಸೀರೆಯನ್ನೇ ಉಟ್ಟಿದ್ದರು. ಮಗಳು ದಿನಾ ಹಾಕುವ ಹತ್ತಿ ಚೂಡಿದಾರ. ಅಜ್ಜಿಗೆ ಕುರ್ಚಿ ಹಾಕಿದೆವು. ಕುರ್ಚಿ ಬೇಡ ಎಂದು ನಿಂತೇ ತೆಗೆಸಿಕೊಂಡರು. ಎಲ್ಲ ಆಯಿತು, ಯಜಮಾನರು ಮಾತ್ರ ಬರಲಿಲ್ಲ. ಕರೆದರೆ ನೀವು ತೆಗೀರಿ, ನಾನು ನೀರು ಕಟ್ಟಿ ಬರ್ತೀನಿ ಎಂದು ತೋಟದ ಕಡೆ ಹೋದರು. ಮಗಳು ಬಾಗಿಲ ಕಡೆ ನೋಡುತ್ತ ನಿಂತಿದ್ದಳು.

ಮಧ್ಯಾಹ್ನದ ಊಟವಾದ ಮೇಲೆ ಅವರು ಶೆಡ್ಡಿನ ಹತ್ತಿರ ಬಂದರು. ಫೋಟೋದ ಮಾತು ನಾನು ಎತ್ತಲಿಲ್ಲ. ಗೋಡೆಗೆ ಒರಗಿಸಿದ್ದ, ಬಿದಿರ ತಟ್ಟೆಯಂಥ ಚಂದ್ರಿಕೆಗಳನ್ನು ತೋರಿಸಿ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಇದರ ಮೇಲೆ ಹೇಗೆ ಬಿಡುತ್ತೀರಿ ಎಂದು ಕೇಳಿದೆ. ಶಿಡ್ಲಘಟ್ಟದಲ್ಲೇ ಹುಟ್ಟಿ ಬೆಳೆದವನಿಗೆ ಅದು ಗೊತ್ತಿಲ್ಲದ್ದೇನಲ್ಲ. ಅವರು ಒಂದು ಚಂದ್ರಿಕೆ ಎತ್ತಿ ಹಿಡಿದು ಹೇಳತೊಡಗಿದರು. ಮುರಿದಿದ್ದ ಒಂದು ಬಿದಿರ ಪಟ್ಟಿ ಕಂಡಿತು. ಮಗಳನ್ನು ಕರೆದು, ಆ ಕಡೆ ಹಿಡ್ಕೊಳಮ್ಮ ಎಂದರು. ಇಬ್ಬರೂ ಕೂತು ಅದನ್ನು ಕಟ್ಟುತ್ತಿದ್ದಾಗ ಅವರು ತಲೆ ಎತ್ತದೆ ಮೆಲ್ಲಗೆ ಹೇಳಿದರು.

"ಅವತ್ತು ಆಗಲ್ಲ ಅಂದಿದ್ದು ಒಳ್ಳೇದೇ ಮಾಡ್ದೆ ಕಣಮ್ಮ. ನಾನೇ ಮೊದ್ಲು ಅನ್ಬೇಕಾಗಿತ್ತು."

ಅವಳು ದಾರ ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾನು ಹೇಗೆ ಕ್ಲಿಕ್ ಮಾಡಿದೆನೋ ನನಗೇ ನೆನಪಿಲ್ಲ. ಆ ದಿನ ತೆಗೆದದ್ದರಲ್ಲಿ ಆಲ್ಬಮ್ಮಿನ ಮೊದಲ ಪುಟಕ್ಕೆ ಹೆಂಡತಿ ಆರಿಸಿದ್ದು ಆ ಫೋಟೋವನ್ನೇ. ಆಲ್ಬಂ ತೆಗೆದುಕೊಂಡು ಹೋಗಲು ಯಜಮಾನರೇ ಬಂದರು. ಒಂದೊಂದು ಪುಟವನ್ನೂ ನಿಧಾನವಾಗಿ ತಿರುಗಿಸಿ ನೋಡಿದರು. ಅಜ್ಜಿ ತಮ್ಮ ಫೋಟೋ ನೋಡಿ ಬಾಗುಂದಿ, ಚೆನ್ನಾಗಿದೆ ಎಂದರೆಂದು ಆಮೇಲೆ ಫೋನಿನಲ್ಲಿ ತಿಳಿಸಿದರು.

ಬರವಣಿಗೆಯಲ್ಲಿ ಇರಬೇಕು ಅನ್ನುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಮೂವತ್ತು ದಿನ ಅನ್ನುವುದನ್ನು ಹೆಂಡತಿ ಹೊಡೆದು ಹಾಕಿದಳು. ಅದರ ಜಾಗದಲ್ಲಿ, ಬದಲಾವಣೆ ಬೇಕಿದ್ದರೆ ಬಂದು ಕೂತು ಮಾತಾಡಿ, ಇಬ್ಬರೂ ಒಪ್ಪಿದ್ದನ್ನು ಬರೆದುಕೊಳ್ಳೋಣ ಎಂದು ಸೇರಿಸಿದಳು. ವಕೀಲರು ಓದಿ, ಇದು ಅಗ್ರಿಮೆಂಟಿನ ಭಾಷೆಯಲ್ಲ ಎಂದು ನಕ್ಕರು. ಇರಲಿ ಎಂದೆ. ಇದರಿಂದ ಎರಡು ಮದುವೆಯಲ್ಲಿ ನನಗೆ ನಷ್ಟವಾಗಿದೆ, ಸುಳ್ಳು ಹೇಳಲಾರೆ. ಜಗಳ ಮಾತ್ರ ಒಂದೂ ಆಗಿಲ್ಲ.

ಹೋದ ತಿಂಗಳು ಆ ಹುಡುಗಿ ಮತ್ತೆ ಬಂದಿದ್ದಳು. ಜೊತೆಗೆ ಗೌರಿಬಿದನೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗ. ಈ ಸಲ ಅಗ್ರಿಮೆಂಟ್ ಇಬ್ಬರ ಹೆಸರಿನಲ್ಲೂ ಆಗಲಿ ಎಂದರು. ಇಬ್ಬರೂ ತಲೆ ಸೇರಿಸಿ ಎರಡೂ ಪುಟ ಓದಿದರು. ಮದುವೆಗೆ ಮುಂಚಿನ ಫೋಟೋಗೆ ನಾನು ಭಾನುವಾರ ಎಂದು ಬರೆದಿದ್ದೆ. ಭಾನುವಾರ ನನಗೆ ಶಿಫ್ಟ್ ಇರುತ್ತೆ ಅಣ್ಣ, ಬುಧವಾರ ಆಗುತ್ತಾ ಎಂದು ಹುಡುಗ ಕೇಳಿದ. ಅವಳು ಫೋನಿನಲ್ಲಿ ತನ್ನ ಡ್ಯೂಟಿ ನೋಡಿ, ಬುಧವಾರ ಮಧ್ಯಾಹ್ನದ ಮೇಲಾದರೆ ನಾನೂ ಬರಬಹುದು ಎಂದಳು. ನಾನು ಭಾನುವಾರ ಹೊಡೆದು ಬುಧವಾರ ಎಂದು ಬರೆದೆ. ಪಕ್ಕದಲ್ಲಿ ಮೂವರೂ ಸಹಿ ಮಾಡಿದೆವು.

ನಿನ್ನೆ ಅವಳ ತಾಯಿ ಫೋನ್ ಮಾಡಿದ್ದರು. ಹೊಸ ಸೀರೆ ತೆಗೆದುಕೊಳ್ಳಲು ಹೊರಟಿದ್ದಾರಂತೆ, ಫೋಟೋದಲ್ಲಿ ಯಾವ ಬಣ್ಣ ಚೆನ್ನಾಗಿ ಬರುತ್ತೆ ಎಂದು ಕೇಳಿದರು. ಹೆಂಡತಿಯ ಕೈಗೆ ಫೋನ್ ಕೊಟ್ಟೆ. ಅವರಿಬ್ಬರ ಮಾತು ಅರ್ಧ ಗಂಟೆ ನಡೆಯಿತು.