ಮಗುವಿನ ಮುಷ್ಟಿಗೆ ಹೋದ ಅರಾಮಿಕ್ ನಾಣ್ಯ

ನನ್ನ ಮಾವ, ಅಂದರೆ ಅಮ್ಮನ ತಮ್ಮ, ಆಲೂರಿನಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಾರೆ. ಕಾಫಿಗೆ ನೀರು ಹಾಯಿಸುವ ಕಾಲ ಬಂದರೆ ಸುತ್ತಲಿನ ಎಸ್ಟೇಟುಗಳ ಮೋಟರುಗಳೆಲ್ಲ ಮಾತಾಡಿಕೊಂಡವರಂತೆ ಒಟ್ಟಿಗೆ ಸುಡುತ್ತವೆ. ಆಗ ದುಡಿದದ್ದರಲ್ಲಿ ಮನೆ ಖರ್ಚಿಗೆ ಹೋಗಿ ಉಳಿದದ್ದು ಬೆಂಗಳೂರಿನ ಒಬ್ಬ ನಾಣ್ಯದ ವ್ಯಾಪಾರಿಗೆ ಹೋಗುತ್ತದೆ. ಬದಲಿಗೆ ಕೊರಿಯರಿನಲ್ಲಿ ಬೆಳ್ಳಿ ನಾಣ್ಯ ಬರುತ್ತದೆ. ಕ್ರಿಸ್ತ ಹುಟ್ಟುವುದಕ್ಕೂ ಮೊದಲು, ಪರ್ಷಿಯಾದ ದೊರೆಗಳ ಕೈಕೆಳಗಿದ್ದ ಊರುಗಳಲ್ಲಿ ಸುತ್ತಿಗೆಯಿಂದ ಹೊಡೆದು ಮಾಡಿದ ನಾಣ್ಯಗಳು. ಅವುಗಳ ಮೇಲಿರುವುದು ಅರಾಮಿಕ್ ಅಕ್ಷರ. ಇಡೀ ಆಲೂರು ತಾಲೂಕಿನಲ್ಲಿ ಅರಾಮಿಕ್ ಓದುವವರು ಇಬ್ಬರೇ, ಮಾವ ಮತ್ತು ನಾನು. ನನಗೆ ಬರುವುದು ಮೂರಕ್ಷರ. ಆದರೆ ಕಾಲೇಜಿನಲ್ಲಿ ಹೇಳಿಕೊಳ್ಳುವಾಗ ನಾವಿಬ್ಬರೂ ಸಮ.

ಮಾವನ ಸಂಕಟ ಒಂದೇ. ಆ ಕಾಲದ ಕಮ್ಮಾರರು ಅಚ್ಚನ್ನು ನಾಣ್ಯದ ನಡುವೆ ಇಟ್ಟು ಹೊಡೆಯುವುದನ್ನು ಕಲಿತಿರಲೇ ಇಲ್ಲ ಅಂತ ಕಾಣುತ್ತದೆ. ದೇವರ ಮೂಗು ಇದ್ದರೆ ಅಕ್ಷರ ಅಂಚಿನಿಂದ ಆಚೆ ಹಾರಿಹೋಗಿರುತ್ತದೆ. ಮಾವನ ಡಬ್ಬಿಯಲ್ಲಿದ್ದವೆಲ್ಲ ಅಂಥವೇ: ಅರ್ಧ ಹೆಸರು, ಮುಕ್ಕಾಲು ಹೆಸರು, ಬರೀ ಬಾಲ. ಪೂರಾ ಹೆಸರಿರುವ ಒಂದು ನಾಣ್ಯ ಬೇಕು ಅಂತ ಅವರು ನಾನು ಹೈಸ್ಕೂಲಿಗೆ ಸೇರಿದಾಗಿನಿಂದ ಕಾಯುತ್ತಿದ್ದರು. ನಾನು ಸೆಕೆಂಡ್ ಪಿಯುಸಿಗೆ ಬಂದ ವರ್ಷ ಅದು ಬಂತು.

ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕದು, ಆದರೆ ದಪ್ಪ. ಒಂದು ಕಡೆ ಕೋಲು ಹಿಡಿದು ಪೀಠದ ಮೇಲೆ ಕೂತ ದೇವರು. ಇನ್ನೊಂದು ಕಡೆ ಹೋರಿಯ ಮೇಲೆ ಎರಗಿದ ಸಿಂಹ. ದೇವರ ಪಕ್ಕ ಒಂದೂ ಸವೆಯದ ಅಕ್ಷರಗಳು.

"ತಾರ್ಸಸ್ ಅಂತ ಒಂದು ಊರೈತೆ ಕಣೋ, ಆ ಊರಿನ ಒಡೆಯ ಅಂತ ಬರ್ದವ್ರೆ," ಅಂದರು ಮಾವ. "ನಾವು ನಮ್ಮ ದೇವ್ರಿಗೆ ಊರಿನ ಹೆಸ್ರು ಸೇರ್ಸಿ ಕರಿಯಲ್ವ, ಹಂಗೇ." ಅಷ್ಟು ಹೇಳುವಾಗ ಅವರ ದನಿ ಸಣ್ಣಗೆ ನಡುಗಿತು. ಮೂರು ಫೇಸ್ ಕರೆಂಟ್ ಹೊಡೆದರೂ ನಡುಗದ ಮನುಷ್ಯ.

ಹೊಸ ನಾಣ್ಯ ಬಂದರೆ ಅದನ್ನು ಕೆಲವು ದಿನ ಶರ್ಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುವುದು ಮಾವನ ಪದ್ಧತಿ. ಅದೇ ವಾರ ದೊಡ್ಡಮ್ಮನ ಮಗಳಾದ ನಮ್ಮ ಅಕ್ಕನ ಮಗುವಿಗೆ ಆನೇಮಹಲ್‌ನಲ್ಲಿ, ಅವಳ ಗಂಡನ ಮನೆಯಲ್ಲಿ, ಹೆಸರಿಡುವ ಶಾಸ್ತ್ರ. ಮಾವನ ಜೇಬಿನಲ್ಲಿ ನಾಣ್ಯವೂ ಅಲ್ಲಿಗೆ ಬಂತು. ಮಾವ ಮೊಮ್ಮಗುವಿಗೆ ಅಂತ ಕಾಲ್ಗೆಜ್ಜೆ ತಂದಿದ್ದರು. ಅಕ್ಕನ ಅತ್ತೆ ಗೆಜ್ಜೆಯನ್ನು ಅಂಗೈಯಲ್ಲಿ ತೂಗಿದಂತೆ ಆಡಿಸಿ ನೋಡಿ, "ಹಗೂರಕ್ಕೆ ಚೆಂದಾಗೈತೆ ಬೀಗ್ರೇ," ಅಂದರು. ಅಕ್ಕ ನೆಲ ನೋಡಿದಳು. ಮಾವ ಶರ್ಟಿನ ತೋಳು ಮಡಚಿ ಬಡಿಸುವ ಕೆಲಸಕ್ಕೆ ಹೊರಟರು.

ನನಗೆ ಅದೇ ಅವಕಾಶ. "ಮಾವ, ನಾಣ್ಯ ಸಾರಿನ ಬಕೆಟ್ಟಿಗೆ ಬಿದ್ರೆ ಕಷ್ಟ, ನಾನು ಇಟ್ಕತೀನಿ ಕೊಡಿ," ಅಂದೆ.

"ಅಂಚು ಹಿಡ್ಕಬೇಕು. ನಿನ್ನ ಕೈ ಬಿಟ್ಟು ಹೋಗ್ಬಾರ್ದು," ಅಂತ ಹೇಳಿ ಕೊಟ್ಟರು.

ನಡುಮನೆಯಲ್ಲಿ ತೊಟ್ಟಿಲ ಸುತ್ತ ಇಪ್ಪತ್ತು ಮೂವತ್ತು ಜನ. ನಾನು ಅಂಚು ಹಿಡಿದು ಎತ್ತಿ ತೋರಿಸಿದೆ. ಅಕ್ಕನ ಗಂಡನ ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿ, "ಇದೇನ್ಲಾ, ಆಳು ಲೆಕ್ಕ ಬರಿಯೋ ನಮ್ಮ ಎಸ್ಟೇಟ್ ರೈಟರ್ ಕೋಲು ಹಿಡ್ಕಂಡು ಕುಂತಂಗೈತಲ್ಲ!" ಅಂದರು. ಎಲ್ಲರೂ ನಕ್ಕರು. ಆ ನಗು ನನ್ನದಾಗಬೇಕಿತ್ತು ಅನ್ನಿಸಿತು. ಶುರು ಮಾಡಿದೆ.

ಇದು ರಾಜ ತನ್ನ ಸೇನಾಪತಿಗೆ ಸ್ವಂತ ಕೈಯಿಂದ ಕೊಟ್ಟದ್ದು ಅಂದೆ. ಸೇನಾಪತಿ ಯುದ್ಧದಲ್ಲಿ ಇದನ್ನು ನುಂಗಿಬಿಟ್ಟ, ಮೂರನೆಯ ದಿನ ರಾಜ್ಯವೇ ಕಾದು ನಿಂತು ವಾಪಸ್ ಪಡೆಯಿತು ಅಂದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪ್ರಪಂಚದಲ್ಲಿ ಇಂಥದ್ದು ಇದೊಂದೇ, ಮ್ಯೂಸಿಯಮ್ಮಿನವರು ಮಾವನ ಅಂಗಡಿ ಮುಂದೆ ಕಾರು ನಿಲ್ಲಿಸಿಕೊಂಡು ಕಾಯುತ್ತಾರೆ ಅಂದೆ. "ಇದನ್ನ ಕೊಟ್ರೆ ಕಾಯಿ ಬಿಟ್ಟಿರೋ ಕಾಫಿ ತೋಟಾನೇ ಬರ್ತದೆ, ಬಂಗ್ಲೆ ಸಮೇತ!" ಅಂದೆ. ಬಂಗಲೆ ಆ ಕ್ಷಣದಲ್ಲಿ ಹೊಳೆದದ್ದು.

ಆಮೇಲೆ ಮೊಬೈಲ್ ಸ್ಟೇಟಸ್ಸಿಗೆ ಒಂದು ಫೋಟೋ ಹೊಳೆಯಿತು. ಹಳೇ ಬೆಳ್ಳಿ, ಹೊಸ ಮನುಷ್ಯ. ತೊಟ್ಟಿಲಿಗೆ ಬಗ್ಗಿ ನಾಣ್ಯವನ್ನು ಮಗುವಿನ ಅಂಗೈಯಲ್ಲಿಟ್ಟೆ. ಮಗು ಟಪ್ಪನೆ ಮುಷ್ಟಿ ಮುಚ್ಚಿತು.

ನಮ್ಮ ಕಡೆ ಮಗು ನೋಡಲು ಬಂದವರು ಅದರ ಕೈಗೆ ಏನಾದರೂ ಇಡುತ್ತಾರೆ. ಇಟ್ಟ ಮೇಲೆ ಅದು ಮಗುವಿನದು. ವಾಪಸ್ ತೆಗೆದರೆ ಅಪಶಕುನ. ಹುಟ್ಟಿದಾಗಿನಿಂದ ನೋಡಿರುವ ಪದ್ಧತಿ ಇದು. ನನ್ನ ತಲೆಯೊಳಗೆ ಮಾತ್ರ ಆ ಹೊತ್ತಿನಲ್ಲಿ ಬರೀ ಬಂಗಲೆಯಿತ್ತು.

ಸುತ್ತಲಿದ್ದವರೆಲ್ಲ ತೊಟ್ಟಿಲಿಗೆ ಬಗ್ಗಿ ನೋಡಿದರು. ಆಮೇಲೆ ಅಕ್ಕನ ಅತ್ತೆ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ಲಟಿಕೆ ಮುರಿದರು. "ಅಯ್ಯೋ ನನ್ನಪ್ಪಾ! ತೋಟದಂಥದ್ದನ್ನ ತಂದು ಮಗಿನ ಕೈಗಿಟ್ಬುಟ್ಟನಲ್ಲ! ನೋಡ್ರಮ್ಮ, ನಮ್ಮ ಸೊಸೆ ತವ್ರು ಮನೆ ಅಂದ್ರೆ ಹಿಂಗೆ!" ದೊಡ್ಡಮ್ಮನ ಕಣ್ಣಲ್ಲಿ ನೀರು. ಅಕ್ಕ ಆ ದಿನ ಮೊದಲ ಸಲ ತಲೆ ಎತ್ತಿ ಕೂತಳು.

ನಾನು ಹಲ್ಲು ಬಿಟ್ಟುಕೊಂಡೇ ಮಗುವಿನ ಮುಷ್ಟಿಗೆ ಕೈ ಹಾಕಿದೆ. "ಫೋಟೋಕ್ಕೆ ಅಷ್ಟೇ ಇಟ್ಟಿದ್ದು..."

"ಮುಟ್ಬ್ಯಾಡ ಕಣೋ!" ಅಕ್ಕನ ಗಂಡನ ಆ ಚಿಕ್ಕಪ್ಪ ನನ್ನ ಕೈ ಹಿಡಿದರು. "ಕೊಟ್ಟಿದ್ದನ್ನ ಕಿತ್ಕತಾರೇನೋ ಮಾರಾಯ, ಮಗಿನ ಕೈಯಿಂದ?"

ಆಗ ಬಾಗಿಲಲ್ಲಿ ಮಾವ ಕಾಣಿಸಿದರು. ಕೈಯಲ್ಲಿ ಸಾರಿನ ಬಕೆಟ್ಟು. ಅವರಿಗೆ ಯಾರೂ ಬೇರೆಯಾಗಿ ಹೇಳಬೇಕಾಗಿರಲಿಲ್ಲ. ಹತ್ತು ಬಾಯಿ ಒಟ್ಟಿಗೆ ಹೇಳುತ್ತಿದ್ದವು. ಮಾವ ಮಗುವಿನ ಮುಷ್ಟಿ ನೋಡಿದರು, ಆಮೇಲೆ ನನ್ನನ್ನು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಾಣ್ಯ ಉಳಿಸಬೇಕು ಅನ್ನಿಸಿತು. ಉಳಿಸಲು ನನಗೆ ಗೊತ್ತಿದ್ದ ದಾರಿ ಒಂದೇ, ಇನ್ನೊಂದು ಸುಳ್ಳು.

"ಅತ್ತೆ, ನಿಜ ಹೇಳ್ತೀನಿ, ಅದು ಡೂಪ್ಲಿಕೇಟು," ಅಂದೆ. "ಹಾಸನದಲ್ಲಿ ಬೊಂಬೆ ಅಂಗಡೀಲಿ ಸಿಗ್ತದೆ. ತಮಾಷೆಗೆ ಹೇಳ್ದೆ. ಅದು ಕೊಡಿ, ಇದಕ್ಕಿಂತ ಒಳ್ಳೇದು, ಲಕ್ಷ್ಮಿ ಇರೋ ಬೆಳ್ಳಿ ನಾಣ್ಯ ತಂದು ಇಡ್ತೀನಿ."

ಅತ್ತೆಯ ಮುಖದಲ್ಲಿದ್ದ ನಗು ಇಳಿಯಲಿಲ್ಲ, ಅಲ್ಲೇ ಗಟ್ಟಿಯಾಯಿತು. "ಡೂಪ್ಲಿಕೇಟಾ? ಹೆಸ್ರಿಡೋ ದಿನ? ಮಗಿನ ಕೈಗೆ?" ಅವರು ನನ್ನನ್ನು ನೋಡಲಿಲ್ಲ, ಅಕ್ಕನನ್ನು ನೋಡಿದರು. ಮೂಲೆಯಿಂದ ಯಾರೋ, "ಗೆಜ್ಜೆ ನೋಡ್ದಾಗ್ಲೇ ಗೊತ್ತಾಗ್ಬೇಕಿತ್ತು," ಅಂದರು. ಅಕ್ಕನ ಕತ್ತು ಮತ್ತೆ ಬಗ್ಗಿತು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಈ ಸಲ ಬೇರೆ ಕಾರಣಕ್ಕೆ.

ಮಾವ ಒಂದು ಮಾತು, "ಹೌದು, ನಕಲಿ," ಅಂದಿದ್ದರೆ ಸಾಕಿತ್ತು. ಅತ್ತೆಯೇ ಅದನ್ನು ಮಗುವಿನ ಕೈಯಿಂದ ಬಿಡಿಸಿ ನನ್ನ ಮುಖಕ್ಕೆ ಎಸೆಯುತ್ತಿದ್ದರು. ಮಾವ ಬಕೆಟ್ಟು ಕೆಳಗಿಟ್ಟರು. ಹೆಗಲ ಮೇಲಿನ ಟವೆಲಿಗೆ ಕೈ ಒರೆಸಿಕೊಂಡರು. ಒಂದೊಂದೇ ಬೆರಳು ಒರೆಸಿದರು.

"ಅಸ್ಲಿ ಕಣಮ್ಮ," ಅಂದರು. "ಹುಡುಗ ಹೆದ್ರಿ ಹಂಗಂದ. ತೋಟ ಬರಾಕಿಲ್ಲ, ಬಂಗ್ಲೆನೂ ಬರಾಕಿಲ್ಲ. ಆದ್ರೆ ಬೆಳ್ಳಿ ಅಸ್ಲಿ, ಅಕ್ಷರ ಅಸ್ಲಿ. ಮಗಿಗೆ ಅಂತಾನೇ ತಂದಿದ್ದು. ಗೆಜ್ಜೆ ಜತೆ ನಾನೇ ಇಡಬೇಕಿತ್ತು, ಬಡ್ಸೋ ಗಡಿಬಿಡೀಲಿ ಇವ್ನ ಕೈಲಿ ಕೊಟ್ಟೆ."

ಆಮೇಲೆ ತೊಟ್ಟಿಲ ಹತ್ತಿರ ಮೊಣಕಾಲೂರಿ ಕೂತು, ಮಗುವಿನ ಬೆರಳ ಸಂದಿಯಲ್ಲಿ ಕಾಣುತ್ತಿದ್ದ ಅಂಚನ್ನು ನೋಡಿದರು. ಅಕ್ಷರವಿದ್ದ ಕಡೆ ಒಳಗಿತ್ತು, ಸಿಂಹದ ಬಾಲ ಮಾತ್ರ ಹೊರಗಿತ್ತು. ಮುಷ್ಟಿ ಬಿಡಿಸಲಿಲ್ಲ. ಅಕ್ಕ ಅವರನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. ಏನೋ ಹೇಳಲು ಬಾಯಿ ತೆರೆದಳು; ಮಾವ ಬೇಡ ಅನ್ನುವಂತೆ ಸುಮ್ಮನೆ ತಲೆ ಆಡಿಸಿದರು.

ಊಟಕ್ಕೆ ನನ್ನನ್ನು ಮಾವನ ಪಕ್ಕ ಕೂರಿಸಿದರು. ಅತ್ತೆ ಸ್ವತಃ ಬಡಿಸಲು ಬಂದರು. "ಈ ವಯಸ್ಸಿಗೆ ಇಂಥ ಮನ್ಸು ಯಾವ ಹುಡುಗ್ರಿಗೈತೆ? ಎಷ್ಟು ಆಸೆಯಿಂದ ಇಟ್ಟ ನೋಡಿ!" ಅಂತ ಸಾಲಿಗೆಲ್ಲ ಕೇಳಿಸುವಂತೆ ಹೇಳಿ, ನನ್ನ ಎಲೆಗೆ ಹೋಳಿಗೆ ಹಾಕಿ ತುಪ್ಪ ಸುರಿದರು. ಆಮೇಲೆ ಮಾವನ ಕಡೆ ತಿರುಗಿ, "ನಾಳೆನೇ ಅಕ್ಸಾಲಿ ಆಚಾರ್ರತ್ರ ಕೊಟ್ಟು ತೂತು ಹೊಡ್ಸಿ ಉಡ್ದಾರಕ್ಕೆ ಹಾಕಿಸ್ಬುಡ್ತೀನಿ ಬೀಗ್ರೇ," ಅಂದರು.

ಮಾವನ ಕೈ ಅನ್ನದ ಮೇಲೆ ನಿಂತಿತು. "ತೂತು ಬ್ಯಾಡಮ್ಮ. ಸುತ್ತ ಒಂದು ಬಳೆ ಥರ ಕಟ್ಟು ಹಾಕಿಸಿ."

"ಕಟ್ಟು ಸಡ್ಲಾಗಿ ಮಗ ನುಂಗ್ಬುಟ್ರೆ? ಇವ್ನು ಹೇಳಿದ್ನಲ್ಲ, ಆ ಸೇನಾಪತಿ ಥರ?" ಅಂತ ಅತ್ತೆ ನಕ್ಕರು. ಸಾಲೆಲ್ಲ ನಕ್ಕಿತು. ಅವತ್ತಿನ ನನ್ನ ಅತಿ ದೊಡ್ಡ ಜೋಕು ಅದೇ.

"ಹಂಗಾದ್ರೆ ಅಕ್ಷರ ಬಿಟ್ಟು, ಮೇಲ್ಗಡೆ ಹೊಡ್ಸಿ," ಅಂದರು ಮಾವ.

"ಅಕ್ಷರ ಎಲ್ಲೈತೆ ಅಂತ ನಮ್ಮ ಆಚಾರ್ರಿಗೆ ಹೆಂಗೆ ಗೊತ್ತಾಗ್ತದೆ?"

ಮಾವ ಎಡಗೈಯ ತೋರುಬೆರಳನ್ನು ನೀರಿನ ಲೋಟದಲ್ಲಿ ಅದ್ದಿದರು. ಎಲೆಯ ಪಕ್ಕ ಕೆಂಪು ನೆಲದ ಮೇಲೆ ಒಂದು ದುಂಡು ಬರೆದು, ಅದರೊಳಗೆ ಬಲದಿಂದ ಎಡಕ್ಕೆ ಅಕ್ಷರಗಳನ್ನು ಒಂದೊಂದಾಗಿ ಇಟ್ಟರು. ಅತ್ತೆ ತುಪ್ಪದ ಪಾತ್ರೆ ಹಿಡಿದುಕೊಂಡೇ ಬಗ್ಗಿ, ಇಲ್ಲಿ ಬೇಡ, ಇಲ್ಲಿ ಬೇಡ, ಇಲ್ಲಿ ಆಗಬಹುದು ಅಂತ ಮಾವ ತೋರಿಸಿದ್ದನ್ನೆಲ್ಲ ತಲೆಯಾಡಿಸುತ್ತ ನೋಡಿದರು. ನಾನೂ ನೋಡಿದೆ. ಅದರಲ್ಲಿ ನನಗೆ ಓದಲು ಬಂದದ್ದು ಎರಡೇ. ಮೂರನೆಯದು ಯಾವುದು ಅಂತ ಕೇಳಬೇಕೆನ್ನಿಸಿತು. ಅಷ್ಟರಲ್ಲಿ ನೆಲದ ಮೇಲಿನ ನೀರು ಆರತೊಡಗಿತ್ತು, ಅತ್ತೆ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು.